ಕರಾವಳಿಯ ಸೆಕೆಯಲ್ಲಿ ಬೆಳ್ಳುಳ್ಳಿ ಬೆಣ್ಣೆ

ಬೆಳ್ಳುಳ್ಳಿ ಬೆಣ್ಣೆ ಮಾಡುವ ವಿಧಾನ ಎಲ್ಲಿ ನೋಡಿದರೂ ಮೊದಲ ಸಾಲು ಒಂದೇ. ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಡಿ. ಮಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹಾಗೆ ಇಟ್ಟರೆ ಗಂಟೆ ಕಳೆಯುವಷ್ಟರಲ್ಲಿ ಬಟ್ಟಲಲ್ಲಿ ಎಣ್ಣೆ ನಿಂತಿರುತ್ತದೆ. ಅದು 20 ಡಿಗ್ರಿ ಇರುವ ಅಡುಗೆಮನೆಗೆ ಬರೆದ ಮಾತು. ಬಿಜೈಯ ನಮ್ಮ ಮನೆಯಲ್ಲಿ ಒಲೆ ಹಚ್ಚುವ ಮೊದಲೇ 33 ಇರುತ್ತದೆ. ಬೆಣ್ಣೆಯ ಕೊಬ್ಬು ಪೂರ್ತಿ ಕರಗುವುದೂ ಹೆಚ್ಚುಕಡಿಮೆ ಅಷ್ಟು ಶಾಖಕ್ಕೇ.

ಕರಗಿದ್ದನ್ನು ಮತ್ತೆ ಫ್ರಿಜ್ಜಿಗಿಟ್ಟರೆ ಗಟ್ಟಿಯಾಗುತ್ತದೆ, ನಿಜ. ಆದರೆ ಮೊದಲಿನ ಬೆಣ್ಣೆ ಆಗುವುದಿಲ್ಲ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, 16 ಭಾಗ ನೀರು. ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೊಬ್ಬಿನೊಳಗೆ ಸಿಕ್ಕಿಕೊಂಡಿರುತ್ತದೆ. ಕರಗಿತು ಅಂದರೆ ನೀರು ಕೆಳಗೆ, ಕೊಬ್ಬು ಮೇಲೆ. ಬೆಳ್ಳುಳ್ಳಿ, ಉಪ್ಪು ಎಲ್ಲ ತಳ ಸೇರುತ್ತವೆ. ಆಮೇಲೆ ಬ್ರೆಡ್ಡಿಗೆ ಹಚ್ಚಿದರೆ ಒಂದು ತುದಿ ಸಪ್ಪೆ, ಇನ್ನೊಂದು ತುದಿ ಉಪ್ಪು. ನಾಲಿಗೆಗೂ ತರಿತರಿ.

ಅದಕ್ಕೇ ನಾನು ಈ ಕೆಲಸಕ್ಕೆ ಬೆಳಿಗ್ಗೆ ಬೇಗ ಕೂರುತ್ತೇನೆ, ಇಲ್ಲವೇ ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ. ಗಟ್ಟಿ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಸ್ಟೀಲ್ ಬಟ್ಟಲಿಗೆ ಹಾಕುತ್ತೇನೆ. ಪಕ್ಕದಲ್ಲಿ ಒಂದು ಅಗಲ ಪಾತ್ರೆಯಲ್ಲಿ ತಣ್ಣೀರು ಸಿದ್ಧವಾಗಿರುತ್ತದೆ. ಬೆಣ್ಣೆ ಮೆತ್ತಗಾಗಲು ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು, ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆಯ ಹೊಳಪು ಹತ್ತಬಾರದು. ಹೊಳಪು ಕಂಡ ತಕ್ಷಣ ಬಟ್ಟಲನ್ನು ತಣ್ಣೀರಲ್ಲಿ ಇಳಿಸಿ ಚಮಚದಿಂದ ತಿರುವಬೇಕು. ಇಷ್ಟು ಗೊತ್ತಿದ್ದರೆ ಉಳಿದದ್ದು ಸುಲಭ.

ಬೆಣ್ಣೆ ಯಾವುದು? ನಂದಿನಿಯ ಉಪ್ಪಿಲ್ಲದ ಬೆಣ್ಣೆ ಆಗುತ್ತದೆ. ಉಪ್ಪು ನಮ್ಮ ಕೈಯಲ್ಲಿ ಇರಬೇಕು, ಅದಕ್ಕೆ ಉಪ್ಪಿಲ್ಲದ್ದು. ಬ್ರಹ್ಮಾವರದಿಂದ ಅಮ್ಮ ಬಂದಾಗ ಮನೆ ಬೆಣ್ಣೆ ಇರುತ್ತದೆ. ಕೆನೆ ಕೂಡಿಟ್ಟು, ಮೊಸರು ಹಾಕಿ ಹೆಪ್ಪುಗಟ್ಟಿಸಿ, ಕಡೆದು ತೆಗೆದದ್ದು. ಆ ಬೆಣ್ಣೆಯ ಸಣ್ಣ ಹುಳಿ ಬೆಳ್ಳುಳ್ಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಅಂಗಡಿಯದ್ದು ಅದರ ಮುಂದೆ ಮಂಕು. ಆದರೆ ಅದನ್ನು ತಣ್ಣೀರಲ್ಲಿ ಚೆನ್ನಾಗಿ ತೊಳೆಯಬೇಕು. ನೀರು ಬಿಳಿಯಾಗುವುದು ನಿಲ್ಲುವವರೆಗೂ ತೊಳೆದು, ಅಂಗೈಯಲ್ಲಿ ಒತ್ತಿ ನೀರು ತೆಗೆಯಬೇಕು. ಮಜ್ಜಿಗೆ ಉಳಿದರೆ ಬೇಗ ಕೆಡುತ್ತದೆ.

ಉಡುಪಿ ಕೃಷ್ಣ ಕೈಯಲ್ಲಿ ಕಡೆಗೋಲು, ಹಗ್ಗ ಹಿಡಿದು ನಿಂತವನು. ಅವನ ಮಠದ ಅಡುಗೆಗೆ ನೀರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಅಮ್ಮನೂ ಸಂಕ್ರಮಣದ ದಿನ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬೆಣ್ಣೆಯಷ್ಟು ಬೇಗ ವಾಸನೆ ಹೀರುವ ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಹಾಗಾಗಿ ಅವಳ ಬೆಣ್ಣೆಗೆ ಬೇರೆ ಡಬ್ಬಿ, ಬೇರೆ ಚಮಚ, ಫ್ರಿಜ್ಜಿನಲ್ಲಿ ಬೇರೆ ಅಟ್ಟ. ಹಾಗೆ ಇಟ್ಟರೇ ನನಗೂ ಸಮಾಧಾನ.

ಇನ್ನು ಬೆಳ್ಳುಳ್ಳಿ. 100 ಗ್ರಾಂ ಬೆಣ್ಣೆಗೆ ಐದಾರು ಎಸಳು, ಕಾಲು ಚಮಚ ಉಪ್ಪು. ಮಳೆಗಾಲದಲ್ಲಿ ಬೆಳ್ಳುಳ್ಳಿ ಬೇಗ ಮೊಳಕೆ ಬರುತ್ತದೆ. ಎಸಳು ಸೀಳಿ ಒಳಗಿನ ಹಸಿರು ಮೊಳಕೆ ತೆಗೆದುಬಿಡಿ, ಅದು ಕಹಿ. ನಾನು ಮಿಕ್ಸಿಗೆ ಹಾಕುವುದಿಲ್ಲ. ತೀರಾ ನುಣ್ಣಗೆ ಅರೆದಷ್ಟೂ ಘಾಟು ಜಾಸ್ತಿ. ಮಣೆಯ ಮೇಲೆ ಸಣ್ಣಗೆ ಕೊಚ್ಚಿ, ಮೇಲೆ ಉಪ್ಪು ಉದುರಿಸಿ, ಚೂರಿಯ ಅಗಲ ಬದಿಯಿಂದ ಒತ್ತಿ ಎಳೆಯುತ್ತೇನೆ. ಮೊದಲು ಚೂರುಗಳು ಜಾರುತ್ತವೆ. ನಾಲ್ಕೈದು ಸಲ ಎಳೆದ ಮೇಲೆ ರಸ ಬಿಡುತ್ತದೆ, ಆಮೇಲೆ ಚೂರಿಗೆ ಅಂಟುವ ಹಿಟ್ಟಿನ ಹದಕ್ಕೆ ಬರುತ್ತದೆ. ಹರಳುಪ್ಪು ಇದ್ದರೆ ಇನ್ನೂ ಬೇಗ.

ಇಡೀ ಎಸಳಿಗೆ ಮೂಗು ಹಿಡಿದರೆ ವಾಸನೆ ಅಷ್ಟೇನೂ ಇಲ್ಲ ಅಲ್ವಾ? ಜಜ್ಜಿದಾಗ ಒಳಗಿನ ಕೋಶಗಳು ಒಡೆದು, ಅದರಲ್ಲಿರುವ ಒಂದು ಕಿಣ್ವ ಇನ್ನೊಂದು ವಸ್ತುವನ್ನು ಸೇರಿ ಅಲ್ಲಿಸಿನ್ ಹುಟ್ಟುತ್ತದೆ. ಖಾರ, ಘಾಟು ಎರಡೂ ಅದರದ್ದೇ. ಬಿಸಿಗೆ ಆ ಕಿಣ್ವ ಸಾಯುತ್ತದೆ. ಅದಕ್ಕೇ ಇಡಿಯಾಗಿ ಬೇಯಿಸಿದ ಬೆಳ್ಳುಳ್ಳಿಗೆ ಖಾರ ಇಲ್ಲ, ಸಿಹಿ ಇದೆ. ಹಸಿ ಬೆಳ್ಳುಳ್ಳಿಯ ಬೆಣ್ಣೆ ಬೇಕಾ, ಸುಟ್ಟ ಬೆಳ್ಳುಳ್ಳಿಯದ್ದು ಬೇಕಾ ಅನ್ನುವುದು ಇಲ್ಲೇ ತೀರ್ಮಾನ ಆಗಬೇಕು. ಎರಡೂ ಬೇರೆಬೇರೆ ರುಚಿ.

ನನ್ನ ಓಟು ಸುಟ್ಟಿದ್ದಕ್ಕೆ. ಬ್ರಹ್ಮಾವರದ ಮನೆಯಲ್ಲಿ ಈಗಲೂ ಬಚ್ಚಲಿನ ಒಲೆಗೆ ಸೌದೆ. ಬೆಂಕಿ ಇಳಿದ ಮೇಲೆ ಹಲಸಿನ ಬೀಜ ಸುಡುವ ಕೆಂಡದಲ್ಲೇ ಒಂದು ಇಡೀ ಬೆಳ್ಳುಳ್ಳಿ ಗಡ್ಡೆಯನ್ನು ಬಾಳೆಎಲೆಯಲ್ಲಿ ಎರಡು ಸುತ್ತು ಸುತ್ತಿ ಹೂಳುತ್ತೇನೆ. ಮೇಲಿನ ಎಲೆ ಕರಟುತ್ತದೆ, ಒಳಗಿನದು ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಚ್ಚಿ ಬುಡ ಹಿಂಡಿದರೆ ಎಸಳು ಸಿಪ್ಪೆಯಿಂದ ತಾನೇ ಜಾರಿ ಬರುತ್ತದೆ, ಹಳದಿ, ಮೆತ್ತಗೆ, ಹೊಗೆಯ ಪರಿಮಳ. ಬಿಜೈಯಲ್ಲಿ ಆ ಭಾಗ್ಯ ಇಲ್ಲ. ಇಲ್ಲಿ ಸಣ್ಣ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ, ಸುಲಿದ ಎಸಳುಗಳನ್ನು ತೀರಾ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬೇಯಿಸುತ್ತೇನೆ. ಹದಿನೈದು ನಿಮಿಷವಾದರೂ ಬೇಕು. ಚಮಚದಿಂದ ಒತ್ತಿದರೆ ಮುದ್ದೆಯಾಗಬೇಕು. ಕಂದು ಜಾಸ್ತಿಯಾದರೆ ಕಹಿ, ಆಗ ಬಿಸಾಡಿ ಹೊಸದು ಮಾಡುವುದೇ ಸರಿ. ಪೂರ್ತಿ ತಣ್ಣಗಾದ ಮೇಲೆಯೇ ಬೆಣ್ಣೆಗೆ ಸೇರಿಸಬೇಕು. ಹೀಗೆ ಮಾಡುವಾಗ 100 ಗ್ರಾಂ ಬೆಣ್ಣೆಗೆ ಒಂದು ಇಡೀ ಗಡ್ಡೆ ಹಾಕಬಹುದು, ಒಂಚೂರೂ ಅತಿ ಅನಿಸುವುದಿಲ್ಲ.

ಪರಿಮಳಕ್ಕೆ ಒಣಗಿದ ಪಾಶ್ಚಾತ್ಯ ಸೊಪ್ಪುಗಳೇ ಬೇಕು ಅಂತಿಲ್ಲ. ತೆಳ್ಳಗೆ ಹೆಚ್ಚಿದ ಕರಿಬೇವಿನ ಸೊಪ್ಪು, ಆಗ ತಾನೇ ಕುಟ್ಟಿದ ಕಾಳುಮೆಣಸು, ಇಷ್ಟಕ್ಕೇ ಸುಟ್ಟ ಬೆಳ್ಳುಳ್ಳಿಯ ಬೆಣ್ಣೆ ಘಮ್ಮೆನ್ನುತ್ತದೆ. ಹಸಿ ಬೆಳ್ಳುಳ್ಳಿಯದ್ದಕ್ಕೆ ಗಾಂಧಾರಿ ಮೆಣಸು, ಲಿಂಬೆ ಸಿಪ್ಪೆ. ಮೆಣಸು ಎರಡು ಮೂರು ಸಾಕು, ಅದು ಕಾಣಲು ಮಾತ್ರ ಸಣ್ಣದು. ಲಿಂಬೆಯ ಹಸಿರು ಸಿಪ್ಪೆಯನ್ನಷ್ಟೇ ತುರಿಯಬೇಕು, ಕೆಳಗಿನ ಬಿಳಿ ಕಹಿ. ರಸ ಹಿಂಡಬೇಡಿ. ಹೆಚ್ಚು ರಸ ಬೆಣ್ಣೆಯೊಂದಿಗೆ ಬೆರೆಯುವುದಿಲ್ಲ, ಅಂಚಿನಲ್ಲಿ ನೀರಾಗಿ ನಿಲ್ಲುತ್ತದೆ. ಹುಳಿ ತಾಗಿ ಬೆಳ್ಳುಳ್ಳಿ ಕೆಲವೊಮ್ಮೆ ನೀಲಿ, ಹಸಿರು ಬಣ್ಣಕ್ಕೂ ತಿರುಗುತ್ತದೆ. ನೋಡಿ ಗಾಬರಿಯಾಗುವವರಿದ್ದಾರೆ. ಅದು ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಯ ಜೊತೆ ಸೇರಿ ಆಗುವ ಬಣ್ಣ, ತಿಂದರೆ ಏನೂ ಆಗುವುದಿಲ್ಲ. ಕೊತ್ತಂಬರಿ ಸೊಪ್ಪು ಹಾಕುವವರು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿಯೇ ಹಾಕಿ.

ಇಡುವ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವುದು. ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಲ್ಲಿರುತ್ತವೆ. ಗಾಳಿಯಾಡದ ಕೊಬ್ಬಿನೊಳಗೆ, ನಮ್ಮ ಸೆಕೆಯಲ್ಲಿ, ಅವಕ್ಕೆ ಬೆಳೆಯಲು ಜಾಗ ಸಿಕ್ಕಿದ ಹಾಗೆ. ಕೆಟ್ಟರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಮೇಜಿನ ಮೇಲೆ ಬಿಟ್ಟು ಕೂರಬೇಡಿ. ಫ್ರಿಜ್ಜಿನಲ್ಲಿ ಇಟ್ಟದ್ದನ್ನು ನಾಲ್ಕು ದಿನದೊಳಗೆ ಮುಗಿಸಿ. ಉಳಿದದ್ದನ್ನು ಬಟರ್ ಪೇಪರಿನಲ್ಲಿ ಉದ್ದ ಸುತ್ತಿ, ಗಟ್ಟಿಯಾದ ಮೇಲೆ ಬಿಲ್ಲೆ ಕತ್ತರಿಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗೆ. ಎರಡು ಮೂರು ತಿಂಗಳು ರುಚಿ ಕೆಡುವುದಿಲ್ಲ. ಕರೆಂಟು ಬಹಳ ಹೊತ್ತು ಹೋಗಿ ಬಿಲ್ಲೆಗಳು ಕರಗಿದ್ದರೆ ಎಸೆಯಿರಿ.

ಬಳಸುವುದಕ್ಕೆ ಪಾವ್ ಒಂದೇ ಅಲ್ಲ. ಹಬೆಯಿಂದ ಆಗಷ್ಟೇ ಇಳಿಸಿದ ಪುಂಡಿಯನ್ನು, ಅಂದರೆ ಅಕ್ಕಿ ತರಿಯ ಉಂಡೆಯನ್ನು, ಮಧ್ಯಕ್ಕೆ ಬಿಡಿಸಿ ಒಂದು ಬಿಲ್ಲೆ ಇಟ್ಟು ನೋಡಿ. ಅಕ್ಕಿ ತರಿಯ ನಡುವೆ ಬೆಣ್ಣೆ ಇಳಿಯುತ್ತದೆ, ತೆಂಗಿನಕಾಯಿ ಚಟ್ನಿ ಬೇಡ ಅನಿಸುತ್ತದೆ. ನೀರುದೋಸೆಗೆ ಹಸಿ ಬೆಳ್ಳುಳ್ಳಿಯದ್ದು ಖಾರ, ಸುಟ್ಟಿದ್ದೇ ಚೆಂದ. ಬೇಯಿಸಿದ ಜೋಳದ ತೆನೆಗೆ ಗಾಂಧಾರಿಯದ್ದು.

ಸಿಗಡಿಗೆ ಆಗಸ್ಟ್‌ವರೆಗೆ ಕಾಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟು ಇಳಿದ ಮೇಲೆ ಬರುವ ಹೊಸ ಸಿಗಡಿಯನ್ನು ಬಿಸಿ ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಮಾಡಿ, ಉರಿ ಆರಿಸಿ, ಆಮೇಲೆ ಎರಡು ಬಿಲ್ಲೆ ಹಾಕಿ ಕಾವಲಿಯನ್ನು ಅಲುಗಾಡಿಸಿ. ಮೊದಲೇ ಹಾಕಿದರೆ ಬೆಳ್ಳುಳ್ಳಿ ಸಿಗಡಿ ಬೇಯುವ ಮೊದಲೇ ಕರಟುತ್ತದೆ. ಕಾವಲಿಯ ಬಿಸಿಗೇ ಬೆಣ್ಣೆ ಕರಗಿ ಸಿಗಡಿಗೆ ಹತ್ತಿಕೊಳ್ಳುತ್ತದೆ. ತಳದಲ್ಲಿ ಉಳಿದದ್ದನ್ನು ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಳ್ಳಿ.