ಕಾಲೇಜು ಮೇಷ್ಟ್ರಿಗೆ ಪಾಠ ಮಾಡೋದು ಕಲಿಸೋರು ಯಾರು?

"ಹೈಸ್ಕೂಲ್ ಮೇಷ್ಟ್ರಾಗ್ಬೇಕಂದ್ರೆ ಬಿ.ಎಡ್. ಬೇಕು. ನಿಮಗದು ಬ್ಯಾಡ. ಹಂಗಾದ್ರೆ ನಿಮಗೆ ಪಾಠ ಮಾಡೋದು ಯಾರು ಕಲಿಸಿದ್ರು ಮೇಡಂ?"

ದಾವಣಗೆರೆಯಲ್ಲಿ ಮೂವತ್ತು ವರ್ಷ ಪದವಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿದ ನನಗೆ ಈ ಪ್ರಶ್ನೆ ಮದುವೆ ಮನೆಯ ಪಂಕ್ತಿಯಲ್ಲಿ ಎದುರಾಗಿದೆ, ಚಿತ್ರದುರ್ಗದ ಬಸ್ಸಿನಲ್ಲಿ ಎದುರಾಗಿದೆ. ಮಗಳನ್ನು ಬಿ.ಎ.ಗೆ ಸೇರಿಸಲು ಜಗಳೂರು ಕಡೆಯಿಂದ ಬಂದ ತಂದೆಯೊಬ್ಬರು ಅಡ್ಮಿಷನ್ ಕೌಂಟರ್ ಮುಂದೆ ನಿಂತೇ ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆ.

ನೇರವಾಗಿ ಹೇಳುವುದಾದರೆ, ಕೆಲಸಕ್ಕೆ ಸೇರುವ ಮುಂಚೆ ಯಾರೂ ಕಲಿಸುವುದಿಲ್ಲ. ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ನೆಟ್ಟೋ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಕೆ-ಸೆಟ್ಟೋ (ರಾಜ್ಯದ ಅರ್ಹತಾ ಪರೀಕ್ಷೆ) ಪಿಎಚ್.ಡಿ.ಯೋ ಬೇಕು. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಕೆಲವು ಪ್ರಶ್ನೆಗಳಿರುತ್ತವೆ, ಅಷ್ಟೇ. 1993ರಲ್ಲಿ ನಾನು ಮೊದಲ ಕ್ಲಾಸಿಗೆ ಹೋದಾಗ ಕೈಯಲ್ಲಿದ್ದದ್ದು ಎಂ.ಎ. ನೋಟ್ಸು ಮತ್ತು ಎರಡು ಸೀಮೆಸುಣ್ಣ. ನನ್ನ ಮೇಷ್ಟ್ರು ಹೇಗೆ ಹೇಳಿದ್ದರೋ ಹಾಗೇ ಹೇಳಿದೆ. ಅವರೂ ತಮ್ಮ ಮೇಷ್ಟ್ರು ಹೇಳಿದಂತೆಯೇ ಹೇಳಿದ್ದಿರಬೇಕು.

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ವಿಷಯ ಚೆನ್ನಾಗಿ ಗೊತ್ತಿದ್ದರೆ ಪಾಠ ತಾನಾಗಿ ಬರುತ್ತದೆ ಎಂಬ ನಂಬಿಕೆ ಪ್ರಪಂಚದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇತ್ತು. ಅದನ್ನು ಮೊದಲು ಅಲುಗಾಡಿಸಿದವರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಮುಖ್ಯರು. 1962ರಲ್ಲಿ ಆನ್ ಆರ್ಬರ್ ಊರಿನಲ್ಲಿ, ತಮ್ಮ ಅಧ್ಯಾಪಕರ ಬೋಧನೆಗೆ ನೆರವಾಗಲೆಂದೇ ಒಂದು ಕೇಂದ್ರ ತೆರೆದರು. ಆ ದೇಶದಲ್ಲಿ ಅಂಥದ್ದು ಅದೇ ಮೊದಲು. ಅದರ ಮೊದಲ ನಿರ್ದೇಶಕರು ಸ್ಟ್ಯಾನ್‌ಫರ್ಡ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು. 1975ರಲ್ಲಿ ಹಾರ್ವರ್ಡ್‌ನಲ್ಲೂ ಇಂಥದೊಂದು ಕೇಂದ್ರ ಬಂತು.

ಮಿಷಿಗನ್ನಿನ ಒಂದು ಪದ್ಧತಿ ನನಗೆ ಬಹಳ ಇಷ್ಟ. ಸೆಮಿಸ್ಟರಿನ ನಡುವೆ, ಅಧ್ಯಾಪಕರೇ ಕರೆದಾಗ, ಕೇಂದ್ರದವರೊಬ್ಬರು ಬಂದು ಕ್ಲಾಸಿನಲ್ಲಿ ಕೂರುತ್ತಾರೆ. ಕೊನೆಯಲ್ಲಿ ಅಧ್ಯಾಪಕರು ಹೊರಗೆ ಹೋಗುತ್ತಾರೆ. ಮಕ್ಕಳು ಗುಂಪುಗುಂಪಾಗಿ ಮಾತಾಡಿಕೊಂಡು, ಯಾವುದರಿಂದ ಕಲಿಕೆಗೆ ಅನುಕೂಲವಾಗಿದೆ, ಏನು ಬದಲಾಗಬೇಕು ಅಂತ ಹೇಳುತ್ತಾರೆ. ಆ ಮಾತು ಅಧ್ಯಾಪಕರಿಗೆ ಮಾತ್ರ ತಲುಪುತ್ತದೆ, ಮೇಲಿನವರಿಗೆ ಹೋಗುವುದಿಲ್ಲ.

ನಮ್ಮಲ್ಲಿ ಬಾಗಿಲು ತೆರೆದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಮರುವರ್ಷವೇ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಕಾಲೇಜು ಮೇಷ್ಟ್ರಿಗೆ ತರಬೇತಿ ಕೊಡುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು (ಎ.ಎಸ್.ಸಿ.) ಶುರುಮಾಡಿತು. ಮೊದಲ ಹಂತದಲ್ಲಿ 48, ಮುಂದೆ 66. ಹೊಸಬರಿಗೆ ನಾಲ್ಕು ವಾರದ ಓರಿಯೆಂಟೇಶನ್ ಎಂಬ ಆರಂಭದ ತರಬೇತಿ, ಆಮೇಲೆ ವಿಷಯ ಹೊಸದು ಮಾಡಿಕೊಳ್ಳಲು ಮೂರು ವಾರದ ರಿಫ್ರೆಶರ್. ಅವುಗಳಿಗೆ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಅಂತ ಹೆಸರಾಯಿತು, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರ ಅಂತಾಯಿತು. ಹಳಬರಾದ ನಮ್ಮ ಬಾಯಲ್ಲಿ ಅದು ಇವತ್ತಿಗೂ ಎ.ಎಸ್.ಸಿ.

ನಾನು ಓರಿಯೆಂಟೇಶನ್‌ಗೆ ಮೈಸೂರಿಗೆ ಹೋದೆ. ದಿನಕ್ಕೆ ಆರು ಗಂಟೆ ಉಪನ್ಯಾಸ. ಅದರಲ್ಲಿ ಬಹುಪಾಲು ಮರೆತಿದ್ದೇನೆ. ಮರೆಯದೆ ಉಳಿದದ್ದು ಒಂದು ಮಧ್ಯಾಹ್ನ. ಪ್ರತಿಯೊಬ್ಬರೂ ಹತ್ತು ನಿಮಿಷ ಪಾಠ ಮಾಡಬೇಕು, ಅದನ್ನು ವಿಡಿಯೋ ತೆಗೆದು ಎಲ್ಲರ ಮುಂದೆ ಟಿ.ವಿ.ಯಲ್ಲಿ ಹಾಕುತ್ತಾರೆ. ನಾನು ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಪಾಠ, ತೆಗೆದುಕೊಂಡೆ. ಟಿ.ವಿ.ಯಲ್ಲಿ ಕಂಡದ್ದು ನನ್ನ ಬೆನ್ನು. ಬೋರ್ಡಿನ ಮೇಲೆ ಬಲಗೈ ರೇಖೆ ಎಳೆಯುತ್ತಿದೆ, ಎಡಗೈಯಲ್ಲಿ ಆಗಲೇ ಡಸ್ಟರ್ ಸಿದ್ಧವಾಗಿದೆ. ರೇಖೆ ಎಳೆದು ಮುಗಿದದ್ದೇ ತಡ, ಅಳಿಸಿ ಮುಂದಿನದಕ್ಕೆ ಹೋಗಿದ್ದೇನೆ. ಮೂರು ವರ್ಷ ಮಕ್ಕಳಿಗೆ ಹೀಗೇ ಮಾಡಿದ್ದೆ, ಒಬ್ಬರೂ ಹೇಳಿರಲಿಲ್ಲ.

ಊರಿಗೆ ಬಂದವಳೇ ಇತಿಹಾಸ ವಿಭಾಗದ ಹಿರಿಯರೊಬ್ಬರನ್ನು ಕೇಳಿಕೊಂಡೆ: "ಸರ್, ನನ್ನ ಕ್ಲಾಸಿನ ಕೊನೆ ಬೆಂಚಿನಲ್ಲಿ ಒಂದು ದಿನ ಕೂತ್ಕೊಳ್ಳಿ. ಆಮೇಲೆ ನನ್ನನ್ನು ಆಚೆ ಕಳಿಸಿ ಮಕ್ಕಳನ್ನ ಕೇಳಿ." ಅವರಿಗೆ ಸಂಕೋಚ. ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗುವುದೆಂದರೆ ನಮ್ಮಲ್ಲಿ ತಪಾಸಣೆ ಅಂತಲೇ ಅರ್ಥ. ಆದರೂ ಬಂದರು. ಒಬ್ಬ ಹುಡುಗಿ ಅವರ ಹತ್ತಿರ ಹೇಳಿದ ಮಾತು ನನಗಿನ್ನೂ ನೆನಪಿದೆ: "ನಾವು ಸ್ಥಿತಿಸ್ಥಾಪಕತ್ವ ಅನ್ನೋ ಪದ ಬರೆದು ಮುಗಿಸೋದ್ರೊಳಗೆ ಮೇಡಂ ಚಿತ್ರ ಅಳಿಸಿಬಿಟ್ಟಿರ್ತಾರೆ ಸರ್."

ಅವತ್ತಿನಿಂದ ನಾನು ಅಳಿಸುವ ಮುಂಚೆ ತಿರುಗಿ ನಿಂತು, ಎಲ್ಲ ಪೆನ್ನೂ ನಿಂತಿವೆಯಾ ಅಂತ ನೋಡುತ್ತಿದ್ದೆ. ರೇಖೆ ಎಳೆಯುವ ಮೊದಲು ಕಣದಲ್ಲಿರುವ ಮೆಕ್ಕೆಜೋಳ, ಎ.ಪಿ.ಎಂ.ಸಿ. ಬೆಲೆ ಅಂತ ಮಾತು ಶುರುಮಾಡುತ್ತಿದ್ದೆ.

ಅದಕ್ಕೇ ನನಗೊಂದು ಕೊರಗಿದೆ. ಆ ಓರಿಯೆಂಟೇಶನ್, ರಿಫ್ರೆಶರ್ ಕೋರ್ಸುಗಳನ್ನು ಬಡ್ತಿಗೆ ಕಟ್ಟಿಹಾಕಿದ್ದರಿಂದ ಸೀನಿಯರ್ ಸ್ಕೇಲ್, ಅಂದರೆ ಮೇಲಿನ ವೇತನ ಶ್ರೇಣಿ, ಹತ್ತಿರ ಬಂದಾಗ ಓಡಿಹೋಗಿ ಸರ್ಟಿಫಿಕೇಟ್ ತರುವುದೇ ರೂಢಿಯಾಯಿತು. ನೆರವು ಬೇಕಾದದ್ದು ಮೊದಲ ವರ್ಷದಲ್ಲಿ, ಅದೂ ನಮ್ಮದೇ ಕ್ಲಾಸಿನಲ್ಲಿ. ಅದು ಸಿಗುತ್ತಿದ್ದದ್ದು ದೂರದ ಊರಿನಲ್ಲಿ, ಮಕ್ಕಳೇ ಇಲ್ಲದ ಹಾಲ್‌ನಲ್ಲಿ. ಬಡ್ತಿಯ ದಾರಿಯೇ ಇಲ್ಲದ ಅತಿಥಿ ಉಪನ್ಯಾಸಕರ ಪಾಡಂತೂ ಹೇಳತೀರದು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಎಷ್ಟೋ ಪಾಠ ನಡೆಯುವುದು ಅವರಿಂದಲೇ. ಸೆಮಿಸ್ಟರ್ ಮುಗಿದ ಮೇಲೆ ಮಕ್ಕಳಿಂದ ತುಂಬಿಸಿಕೊಳ್ಳುವ ಫೀಡ್‌ಬ್ಯಾಕ್ ಫಾರಂ ಆ ಮಕ್ಕಳಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಅವರ ಪಾಠ ಆಗಲೇ ಮುಗಿದಿರುತ್ತದೆ.

ನಾನು ಈಗ ನಿವೃತ್ತೆ. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅತಿಥಿ ಉಪನ್ಯಾಸಕಿ, ಫೋನ್ ಮಾಡಿ "ಮೇಡಂ, ನನ್ನ ಕ್ಲಾಸಿಗೆ ಬಂದು ಕೂತ್ಕೋತೀರಾ?" ಅಂದಳು. ಪ್ರಾಂಶುಪಾಲರ ಒಪ್ಪಿಗೆ ಪಡೆದು ಹೋದೆ. ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಪ್ರಶ್ನೆ ಕೇಳಿ, ಒಂದು ಉಸಿರು ಎಳೆಯುವಷ್ಟರಲ್ಲಿ ತಾನೇ ಉತ್ತರ ಹೇಳಿಬಿಡುತ್ತಿದ್ದಳು. 1970ರ ದಶಕದಲ್ಲೇ ಮೇರಿ ಬಡ್ ರೋ ಎಂಬ ಸಂಶೋಧಕಿ ಇದನ್ನು ಅಳೆದು ತೋರಿಸಿದ್ದರು: ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಅದನ್ನಷ್ಟೇ ಹೇಳಿದೆ.

ಮೊನ್ನೆ ಮೆಸೇಜ್ ಬಂತು. "ಮನಸ್ಸಿನಲ್ಲೇ ಐದರ ತನಕ ಎಣಿಸಿದೆ ಮೇಡಂ, ಕಿಟಕಿ ಪಕ್ಕದ ಹುಡುಗ ಉತ್ತರ ಹೇಳಿದ. ಜುಲೈನಿಂದ ಅವನ ದನಿಯನ್ನೇ ಕೇಳಿರಲಿಲ್ಲ. ಗುರುವಾರ ಮತ್ತೆ ಬರ್ತೀರಲ್ಲಾ?"

ಹೋಗುತ್ತಿದ್ದೇನೆ.