ಒಳಗೂ ಚಂದ, ಹೊರಗೂ ಚಂದ: ಕಾವಿ ಬಣ್ಣದ ಡಬಲ್ ನಿಟಿಂಗ್ ಕೌಲ್

ಕೌಲ್ ಅಂದರೆ ತುದಿಗಳಿಲ್ಲದ ಗಿಡ್ಡ ಮಫ್ಲರ್. ತಲೆ ಮೇಲಿಂದ ಇಳಿಸಿಕೊಂಡರೆ ಕುತ್ತಿಗೆಗೆ ಕೂತುಬಿಡುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ ಸ್ಕೂಟರ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಗಾಳಿಗೆ ಬಿಚ್ಚಿಕೊಳ್ಳುವುದಿಲ್ಲ, ಚಕ್ರಕ್ಕೆ ಸಿಕ್ಕಿಕೊಳ್ಳುವ ಭಯವೂ ಇಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ ಹತ್ತಿರ ಬಂದರೆ ಹೇಗೂ ಸೆಕೆ ಶುರು, ಆಗ ತೆಗೆದು ಚೀಲಕ್ಕೆ ಹಾಕಿಕೊಂಡರಾಯಿತು.

ಆದರೆ ಕೌಲ್‌ಗೆ ಒಂದು ಗುಣವಿದೆ. ಅದು ಮಡಚುತ್ತದೆ, ತಿರುಗುತ್ತದೆ, ಒಳಗಿನ ಬದಿ ಹೊರಗೆ ಇಣುಕುತ್ತಲೇ ಇರುತ್ತದೆ. ಎರಡು ಬಣ್ಣದ ಸಾಮಾನ್ಯ ಹೆಣಿಗೆಯಲ್ಲಿ ಹಿಂದೆ ಉದ್ದುದ್ದ ಎಳೆಗಳು ಹಾಯ್ದಿರುತ್ತವೆ ಅಲ್ವಾ? ಸ್ವೆಟರ್‌ನಲ್ಲಿ ಅದು ಒಳಗೇ ಉಳಿಯುತ್ತದೆ. ಕೌಲ್‌ನಲ್ಲಿ ಎದ್ದು ಕಾಣುತ್ತದೆ, ಜೊತೆಗೆ ಕಿವಿಯೋಲೆಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಎರಡು ಬಣ್ಣದ ಕೌಲ್ ಹೆಣೆಯುವುದಾದರೆ ಡಬಲ್ ನಿಟಿಂಗ್‌ನಲ್ಲೇ ಹೆಣೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇದರಲ್ಲಿ ಒಂದೇ ಸೂಜಿಯ ಮೇಲೆ ಎರಡು ಬಟ್ಟೆ ಒಟ್ಟಿಗೆ ಬೆಳೆಯುತ್ತವೆ. ಎರಡರ ಸೀದಾ ಬದಿ ಹೊರಗೆ, ಉಲ್ಟಾ ಬದಿ ಒಂದಕ್ಕೊಂದು ಮುಖ ಮಾಡಿ ಒಳಗೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಇಲ್ಲಿ ಆಕಾರ ಅದೇ, ಬಣ್ಣ ಅದಲುಬದಲು. ಒಂದು ಬದಿಯಲ್ಲಿ ಕೆಂಪಿನ ಮೇಲೆ ಬಿಳಿ ಹೂವು ಇದ್ದರೆ ಇನ್ನೊಂದು ಬದಿಯಲ್ಲಿ ಬಿಳಿಯ ಮೇಲೆ ಕೆಂಪು ಹೂವು.

ಕೆಂಪು-ಬಿಳಿ ಸುಮ್ನೆ ಆರಿಸಿದ್ದಲ್ಲ. ನಮ್ಮ ಕಡೆಯ ಹಳೆಯ ದೇವಸ್ಥಾನಗಳ ಗೋಡೆ ಮೇಲಿನ ಕಾವಿ ಚಿತ್ರ ನೋಡಿದ್ದೀರಲ್ಲ? ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಅದಿದೆ. ಕೆಳಗೆ ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಲೇಪ, ಆಮೇಲೆ ಕಂಠ ಎನ್ನುವ ಚೂಪಾದ ಉಪಕರಣದಿಂದ ಕೆಂಪನ್ನು ಕೆರೆದರೆ ಅಡಿಯ ಬಿಳಿ ರೇಖೆಯಾಗಿ ಮೇಲೆ ಬರುತ್ತದೆ. ಎರಡು ಪದರ, ಎರಡೇ ಬಣ್ಣ. ಡಬಲ್ ನಿಟಿಂಗ್‌ಗೆ ಇದಕ್ಕಿಂತ ಹೊಂದುವ ಚಿತ್ತಾರ ಎಲ್ಲಿ ಸಿಗುತ್ತದೆ! ಗೋಡೆಯಲ್ಲಿ ಕೆಂಪು ಹೋದರೆ ಹೋಯಿತು. ಹೆಣಿಗೆಯಲ್ಲಿ ಮಾತ್ರ ಬಿಳಿ ಮುಂದೆ ಬಂದ ಜಾಗದಲ್ಲೆಲ್ಲ ಕೆಂಪು ಹಿಂದೆ ಹೋಗಿ ತನ್ನದೇ ಚಿತ್ರ ಬಿಡಿಸಿರುತ್ತದೆ. ನನಗೆ ತುಂಬಾ ಇಷ್ಟವಾಗುವುದು ಇದೇ.

ಈಗ ಲೆಕ್ಕಕ್ಕೆ ಬರೋಣ. ನಾನು ತೆಳ್ಳಗಿನ ಉಣ್ಣೆ ನೂಲು ತೆಗೆದುಕೊಳ್ಳುತ್ತೇನೆ, 50 ಗ್ರಾಮಿಗೆ ಸುಮಾರು 200 ಮೀಟರ್ ಬರುವಂಥದ್ದು, ಪ್ರತಿ ಬಣ್ಣದ್ದು ಒಂದೊಂದು ಉಂಡೆ. ದಪ್ಪ ನೂಲು ಬೇಡ. ಎರಡು ಪದರ ಸೇರಿದಾಗ ಅದು ನಮ್ಮ ಚಳಿಗೆ ಜಾಸ್ತಿಯಾಗುತ್ತದೆ, ಕುತ್ತಿಗೆ ಬೆವರುತ್ತದೆ. ಕರಾವಳಿಯವರಂತೂ ದಪ್ಪ ನೂಲಿನ ಕಡೆ ನೋಡಲೇಬೇಡಿ. ಡಬಲ್ ನಿಟಿಂಗ್‌ನಲ್ಲಿ ಕುಣಿಕೆಗಳು ಸಡಿಲವಾಗುವುದರಿಂದ ಮಾಮೂಲಿಗಿಂತ ಒಂದು ಸೈಜ್ ಸಣ್ಣ ಸೂಜಿ ಬೇಕು. ನನಗೆ 3 ಮಿಲಿಮೀಟರಿನ ವೃತ್ತಾಕಾರದ ಸೂಜಿ ಸರಿ ಹೋಗುತ್ತದೆ, 10 ಸೆಂಟಿಮೀಟರಿಗೆ 26 ಕುಣಿಕೆ, 34 ಸಾಲು. ಸುತ್ತಳತೆ ಸುಮಾರು 55 ಸೆಂಟಿಮೀಟರ್ ಬೇಕಾದರೆ 144 ಕುಣಿಕೆ. ಆದರೆ ಪದರ ಎರಡು, ಹಾಗಾಗಿ ಸೂಜಿ ಮೇಲೆ 288.

ಕೆಂಪು ನೂಲನ್ನು ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿ. ಬಣ್ಣ ಬಿಟ್ಟರೆ ಆ ನೂಲು ಈ ಕೆಲಸಕ್ಕಲ್ಲ.

ಶುರು ಮಾಡುವಾಗ ಎರಡೂ ನೂಲನ್ನು ಒಟ್ಟಿಗೆ ಹಿಡಿದು 144 ಜೋಡಿ ಕುಣಿಕೆ ಹಾಕಿ. ಕುಣಿಕೆಗಳು ಎಲ್ಲೂ ತಿರುಚಿಲ್ಲ ಅಂತ ನೋಡಿಕೊಂಡು ಎರಡು ತುದಿಯನ್ನೂ ಸುತ್ತಾಗಿ ಸೇರಿಸಿ. ಮೊದಲ ಸುತ್ತಿನಲ್ಲಿ ಪ್ರತಿ ಜೋಡಿಯ ಕೆಂಪು ಎಳೆಯನ್ನು ಕೆಂಪಿನಿಂದ ನಿಟ್ (ಸೀದಾ ಹೆಣಿಗೆ) ಮಾಡಿ, ಬಿಳಿ ಎಳೆಯನ್ನು ಬಿಳಿಯಿಂದ ಪರ್ಲ್ (ಉಲ್ಟಾ ಹೆಣಿಗೆ) ಮಾಡಿ. ಅಲ್ಲಿಂದ ಮುಂದೆ ನೆನಪಿಡಬೇಕಾದ್ದು ಒಂದೇ: ನಿಟ್ ಮಾಡುವಾಗ ಎರಡೂ ನೂಲು ಹಿಂದೆ, ಪರ್ಲ್ ಮಾಡುವಾಗ ಎರಡೂ ನೂಲು ಮುಂದೆ. ಎರಡೂ. ಕೆಲಸ ಒಂದರದ್ದೇ ಆದರೂ ಇನ್ನೊಂದೂ ಜೊತೆಗೇ ಹೋಗಬೇಕು. ಒಂದು ಹಿಂದುಳಿದರೆ ಅದು ಕುಣಿಕೆಯ ಮುಂದೆ ಅಡ್ಡ ಗೆರೆಯಾಗಿ ಕಾಣುತ್ತದೆ. ಆಗಾಗ ಎರಡು ಪದರವನ್ನು ಬೆರಳಲ್ಲಿ ಬಿಡಿಸಿ ನೋಡಿ. ಬಣ್ಣ ಬದಲಾಗುವ ಗೆರೆಯಲ್ಲಿ ಬಿಟ್ಟು ಬೇರೆಲ್ಲೂ ಅವು ಅಂಟಿಕೊಂಡಿರಬಾರದು.

ಚಾರ್ಟ್ ಅಂದರೆ ಚಿತ್ತಾರವನ್ನು ಚೌಕಗಳಲ್ಲಿ ಬಿಡಿಸಿಟ್ಟ ಹಾಳೆ. ಅದರ ಒಂದು ಚೌಕ ಅಂದರೆ ಎರಡು ಕುಣಿಕೆ. ಚೌಕ ಕೆಂಪಾದರೆ ಕೆಂಪು ನಿಟ್, ಬಿಳಿ ಪರ್ಲ್. ಚೌಕ ಬಿಳಿಯಾದರೆ ಬಿಳಿ ನಿಟ್, ಕೆಂಪು ಪರ್ಲ್. ಇಷ್ಟೇ. ಕೈ ಹೊಂದಿಕೊಳ್ಳುವವರೆಗೆ ನಿಧಾನ ಅನ್ನಿಸುತ್ತದೆ, ಆಮೇಲೆ ಕೈ ತಾನೇ ಓಡುತ್ತದೆ.

ಚಿತ್ರ ಬಿಡಿಸಲು ಮಾಮೂಲಿ ಗ್ರಾಫ್ ಹಾಳೆ ಬಳಸುವುದಾದರೆ ಹುಷಾರು. ಕುಣಿಕೆ ಚೌಕಾಕಾರ ಅಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. ಹಾಳೆ ಮೇಲೆ ದುಂಡಗಿದ್ದ ಹೂವು ಹೆಣೆದ ಮೇಲೆ ಚಪ್ಪಟೆ. ನನ್ನ ಅಳತೆಗೆ 13 ಕುಣಿಕೆ ಅಗಲದ ಹೂವಿಗೆ 17 ಸಾಲು ಬೇಕು, ಆಗ ಅಗಲ, ಎತ್ತರ ಎರಡೂ ಸರಿಯಾಗಿ 5 ಸೆಂಟಿಮೀಟರ್. ಹೂವಿನ ನಡುವೆ 5 ಕುಣಿಕೆ ಬಿಟ್ಟರೆ 18 ಆಯಿತು, 144ರಲ್ಲಿ 8 ಹೂವು ಪಕ್ಕಾ ಕೂರುತ್ತವೆ. ಆ ನಡುವಿನ ಜಾಗವನ್ನು ಖಾಲಿ ಬಿಡಬೇಡಿ, ಒಂದೊಂದು ಚುಕ್ಕೆ ಇಡಿ. ಬಣ್ಣ ಬದಲಾಗದ ದೊಡ್ಡ ಜಾಗದಲ್ಲಿ ಪದರಗಳು ಬೇರೆಯಾಗಿ ಉಬ್ಬಿ ನಿಲ್ಲುತ್ತವೆ. ಕಾವಿ ಚಿತ್ರಗಳ ಅಂಚಿನ ತ್ರಿಕೋನ, ಚುಕ್ಕೆ ಸಾಲುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಅಕ್ಷರ ಮಾತ್ರ ಹಾಕಬೇಡಿ, ಇನ್ನೊಂದು ಬದಿಯಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ನವಿಲು ಪರವಾಗಿಲ್ಲ, ಒಂದು ಬದಿಯಲ್ಲಿ ಎಡಕ್ಕೆ ನೋಡುತ್ತದೆ, ಇನ್ನೊಂದರಲ್ಲಿ ಬಲಕ್ಕೆ.

ಸುಮಾರು 75 ಸಾಲಿಗೆ 22 ಸೆಂಟಿಮೀಟರ್ ಎತ್ತರ ಬರುತ್ತದೆ, ಅಷ್ಟು ಸಾಕು. ಮುಗಿಸುವಾಗ ಒಂದು ಸೈಜ್ ದೊಡ್ಡ ಸೂಜಿಯಲ್ಲಿ ಪ್ರತಿ ಜೋಡಿಯನ್ನು ಒಟ್ಟಿಗೆ ನಿಟ್ ಮಾಡುತ್ತಾ ಮುಚ್ಚುತ್ತಾ ಹೋಗಿ, ಬಿಗಿಯಾದರೆ ತಲೆ ತೂರುವುದಿಲ್ಲ. ಉಳಿದ ನೂಲಿನ ತುದಿಗಳನ್ನು ಪದರಗಳ ಮಧ್ಯೆ ತೂರಿಸಿಬಿಡಿ, ಯಾವ ಬದಿಗೂ ಕಾಣುವುದಿಲ್ಲ.

ಒಗೆದ ಮೇಲೆ ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಟ್ಟಸವಾಗಿ ಹಾಸಿ ಒಣಗಿಸಿ. ಎರಡು ಪದರ ಇರುವುದರಿಂದ ಒಣಗಲು ಹೊತ್ತು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಇದನ್ನು ಒದ್ದೆ ಮಾಡಲೇಬೇಡಿ, ಮುಗ್ಗಲು ವಾಸನೆ ಹಿಡಿದುಬಿಡುತ್ತದೆ. ಆಷಾಢದಲ್ಲಿ ಹೆಣೆಯಲು ಕೂತವರು ಹೆಣೆದು ಮುಗಿಸಿ ಡಬ್ಬದಲ್ಲಿಡಿ, ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಮೊದಲ ಸಲ ಒಗೆಯಿರಿ.