ಎಳ್ಳ ಅಮಾವಾಸ್ಯೆಯೇ ಏಕೆ, ದೀಪಾವಳಿ ಏಕಲ್ಲ?

ಜರ್ಮನಿಯ ಬ್ರೆಮೆನ್ ನಗರದಲ್ಲಿ ಓದುತ್ತಿದ್ದಾಗ ಹಾಸ್ಟೆಲಿನವರನ್ನೆಲ್ಲ ಕರೆದು ನಾನು ಎಳ್ಳ ಅಮಾವಾಸ್ಯೆಯ, ಅಂದರೆ ಹೊಲಕ್ಕೆ ಹೋಗಿ ಭೂತಾಯಿಗೆ ಉಣಿಸಿ ಉಣ್ಣುವ ಹಬ್ಬದ, ಊಟ ಹಾಕಿದ ಸುದ್ದಿ ನಮ್ಮ ಬಂಧುಬಳಗಕ್ಕೆಲ್ಲ ಗೊತ್ತು. ಕಲಬುರಗಿಗೆ ಬಂದಾಗಲೆಲ್ಲ ಸೋದರಮಾವನಿಂದ ಹಿಡಿದು ಪಕ್ಕದ ಮನೆಯ ಆಯಿಯವರೆಗೆ ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಹೊಲಾನೇ ಇಲ್ಲದ ಊರಾಗ ಎಳ್ಳ ಅಮಾಸಿ ಯಾಕ ಮಾಡ್ದಿ? ದೀಪಾವಳಿ ಮಾಡಿದ್ರ ಸಾಲ್ತಿರಲಿಲ್ಲೇನು?" ಪರದೇಶಕ್ಕೆ ಓದಲು ಹೊರಟ ಹುಡುಗ ಹುಡುಗಿಯರು ಕೇಳುವುದು ಅದನ್ನು ಹೇಗೆ ಮಾಡಿದಿರಿ ಎಂದು. ಏಕೆ ಎಂಬುದನ್ನು ಹೇಳಹೊರಟರೆ ಹೇಗೆ ಎಂಬುದೂ ಅದರೊಳಗೇ ಬಂದುಬಿಡುತ್ತದೆ.

ಮೊದಲ ಕಾರಣ ಪಂಚಾಂಗದಲ್ಲಿದೆ. ಎಳ್ಳ ಅಮಾವಾಸ್ಯೆ ಎಂದರೆ ಮಾರ್ಗಶಿರ ಮಾಸದ ಅಮಾವಾಸ್ಯೆ; ಅದು ಸಾಮಾನ್ಯವಾಗಿ ಡಿಸೆಂಬರಿನ ದ್ವಿತೀಯಾರ್ಧ ಇಲ್ಲವೇ ಜನವರಿಯ ಮೊದಲ ಎರಡು ವಾರಗಳಲ್ಲಿ ಬೀಳುತ್ತದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ, ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ ಬಂದಿತ್ತು. ಆ ಹೊತ್ತಿಗೆ ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ರಜೆ. ಅಲ್ಲಿಯ ವಿದ್ಯಾರ್ಥಿಗಳು ತಂದೆತಾಯಿಯರ ಮನೆಗೆ ಹೋಗಿರುತ್ತಾರೆ, ಹಾಸ್ಟೆಲಿನಲ್ಲಿ ಉಳಿಯುವವರು ವಿಮಾನದ ಟಿಕೆಟಿಗೆ ದುಡ್ಡು ಹೊಂದಿಸಲಾಗದ ಸುಡಾನಿನವರು, ಬಾಂಗ್ಲಾದವರು, ವಿಯೆಟ್ನಾಮಿನವರು ಮತ್ತು ನಮ್ಮಂಥವರು. ಸಂಜೆ ನಾಲ್ಕೂವರೆಯೊಳಗೆ ಕತ್ತಲಾಗುತ್ತದೆ. ನಮ್ಮ ಸೀಮೆಯಲ್ಲಾದರೋ ಅಂದು ಯಾರೂ ಮನೆಯಲ್ಲಿ ಕೂರುವುದಿಲ್ಲ. ಪೇಟೆಯ ಅಂಗಡಿಗಳು ಬಾಗಿಲು ಹಾಕುತ್ತವೆ, ಬಂಡಿ, ಟ್ರ್ಯಾಕ್ಟರ್, ಮೋಟರ್‌ಸೈಕಲ್ಲುಗಳ ಮೇಲೆ ಬುತ್ತಿಯ ಗಂಟು ಹೊತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಹೊಲ ಇದ್ದವರು ಇಲ್ಲದವರನ್ನು ಜಾತಿ ಮತ ನೋಡದೆ ಕರೆದೊಯ್ಯುತ್ತಾರೆ. ದೀಪಾವಳಿ ಅವರವರ ಮನೆಯಲ್ಲಿ ದೀಪ ಹಚ್ಚುವ ಹಬ್ಬ. ಅದು ಬರುವುದು ಪಾಠಗಳು ನಡೆಯುವ ಕಾಲದಲ್ಲಿ, ಆಚರಿಸಲು ಭಾರತೀಯರ ಸಂಘಗಳೂ ಇರುತ್ತವೆ. ಒಬ್ಬಂಟಿಯಾಗಿ ಉಳಿದವರನ್ನು ಕರೆದು ಉಣಿಸುವುದಕ್ಕೆ ಎಳ್ಳ ಅಮಾವಾಸ್ಯೆಗಿಂತ ತಕ್ಕ ಹಬ್ಬ ನನಗೆ ಕಾಣಲಿಲ್ಲ.

ಎರಡನೆಯ ಕಾರಣ ಭಜ್ಜಿ. ಬೆಂಗಳೂರಿನ ಕಡೆಯವರು ಈ ಹೆಸರು ಕೇಳಿ ಎಣ್ಣೆಯಲ್ಲಿ ಕರಿದ ತಿಂಡಿಯೆಂದು ತಿಳಿಯುತ್ತಾರೆ. ಕಲಬುರಗಿ, ಬೀದರ್ ಕಡೆಯ ಈ ಭಜ್ಜಿ ಆ ದಿನಗಳಲ್ಲಿ ಹೊಲದಲ್ಲಿ ಸಿಕ್ಕಿದ ಕಾಳು, ಪಲ್ಯ, ಕಾಯಿಗಳನ್ನೆಲ್ಲ ಒಂದೇ ಗಡಿಗೆಯಲ್ಲಿ ಬೇಯಿಸಿ, ಹುಣಸೆಯ ಹುಳಿ ಮತ್ತು ಕಡಲೆ ಹಿಟ್ಟು ಕೂಡಿಸಿ ಮಾಡುವ ಗಟ್ಟಿ ಪದಾರ್ಥ. ಹಸಿ ತೊಗರಿ, ಅವರೆ, ಹಸಿ ಕಡಲೆ, ಮೆಂತ್ಯ, ಪುಂಡಿ, ಬದನೆ, ಗಜ್ಜರಿ, ಶೇಂಗಾ ಇವೆಲ್ಲ ಅದರೊಳಗೆ ಬೀಳುತ್ತವೆ. ಮಾಂಸವಿಲ್ಲ, ಹಾಲಿಲ್ಲ, ಜೊತೆಗಿರುವ ಜೋಳ ಮತ್ತು ಸಜ್ಜೆಯ ರೊಟ್ಟಿಯಲ್ಲಿ ಗೋಧಿಯಿಲ್ಲ. ಹಲಾಲ್ ನೋಡಿ ಉಣ್ಣುವವರೂ, ಪ್ರಾಣಿಜನ್ಯ ಪದಾರ್ಥ ಮುಟ್ಟದವರೂ, ಗೋಧಿ ಒಗ್ಗದವರೂ ಒಂದೇ ಗಡಿಗೆಯಿಂದ ಬಡಿಸಿಕೊಂಡು ಉಣ್ಣಬಹುದಾದ ಹಬ್ಬದ ಊಟ ಎಷ್ಟಿದೆ ಹೇಳಿ.

ಹಸಿ ತೊಗರಿಕಾಳು ಅಲ್ಲಿ ಸಿಗುತ್ತದೆಯೇ ಎಂದು ಎಲ್ಲರಿಗೂ ಸಂಶಯ. ಗುಜರಾತಿಗಳು ಉಂಧಿಯು ಎಂಬ ತಮ್ಮ ತರಕಾರಿ ಪದಾರ್ಥಕ್ಕೆ ಹಾಕುವ ಹಸಿ ತೊಗರಿಯನ್ನು ಹಿಮಗಟ್ಟಿಸಿ ಪಾಕೀಟಿನಲ್ಲಿ ಮಾರುತ್ತಾರೆ; ಭಾರತೀಯರ ಅಂಗಡಿಯಲ್ಲಿ ಅದೂ, ಮೆಂತ್ಯವೂ ಸಿಕ್ಕವು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಕಲಬುರಗಿಯ ತೊಗರಿ ಅದಲ್ಲವೆಂಬ ಕೊರಗು ನನಗಿತ್ತು, ಆದರೆ ಕುದಿಯುವ ವಾಸನೆ ಬಂದಾಗ ಆ ಕೊರಗು ಉಳಿಯಲಿಲ್ಲ. ಪುಂಡಿಪಲ್ಯಕ್ಕೆ ಮಾತ್ರ ದಾರಿಯಿರಲಿಲ್ಲ. 2019ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟದೊಳಕ್ಕೆ ಹಸಿ ಸೊಪ್ಪು, ಹಣ್ಣು, ಬೀಜಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪ್ರಯಾಣಿಕರು ಒಯ್ಯುವಂತಿಲ್ಲ, ಅದಕ್ಕೆ ವಿನಾಯಿತಿಯಿರುವುದು ಅನಾನಸು, ತೆಂಗಿನಕಾಯಿ, ಬಾಳೆಯಂಥ ಕೆಲವಕ್ಕೆ ಮಾತ್ರ. ಆದ್ದರಿಂದ ಪುಂಡಿಯ ಜಾಗಕ್ಕೆ ನಾನು ಗ್ರ್ಯೂನ್‌ಕೋಲ್ (ಕೇಲ್) ಎಂಬ ಅಲ್ಲಿಯ ಸೊಪ್ಪನ್ನು ಹಾಕಿದೆ. ಉತ್ತರ ಜರ್ಮನಿಯ ಚಳಿಗಾಲದ ಬೆಳೆ ಅದು, ಹಿಮ ಬಿದ್ದ ಮೇಲೆ ಸಿಹಿಯಾಗುತ್ತದೆಂದು ಅಲ್ಲಿಯವರು ಕಾದು ಕೊಯ್ಯುತ್ತಾರೆ. ಎಲೆ ದಪ್ಪ, ಬೇಯಲು ಹೊತ್ತು ಹಿಡಿಯುತ್ತದೆ, ಹುಳಿ ಇಲ್ಲದ್ದರಿಂದ ಹುಣಸೆಯನ್ನು ಹೆಚ್ಚು ಹಿಂಡಬೇಕು. ಅದು ಬದಲಿ ಪದಾರ್ಥವೆಂದು ನಾನು ಒಪ್ಪುವುದಿಲ್ಲ. ಆ ಕಾಲಕ್ಕೆ ಆ ನೆಲ ಕೊಟ್ಟದ್ದನ್ನು ಗಡಿಗೆಗೆ ಹಾಕುವುದೇ ಭಜ್ಜಿಯ ಕ್ರಮ, ಅಲ್ಲಿಯ ನೆಲ ಕೊಟ್ಟದ್ದು ಗ್ರ್ಯೂನ್‌ಕೋಲ್.

ರೊಟ್ಟಿಯ ಕೆಲಸ ಇದಕ್ಕಿಂತ ಕಷ್ಟದ್ದು. ಪಾಕೀಟಿನ ಜೋಳದ ಹಿಟ್ಟು ಬೀಸಿ ತಿಂಗಳುಗಳಾಗಿರುತ್ತವೆ, ಅದರಲ್ಲಿ ಜಿಗಿ ಇರುವುದಿಲ್ಲ. ಜೋಳದಲ್ಲಿ ಗೋಧಿಯ ಅಂಟಿನಂಥದ್ದು ಇಲ್ಲದ್ದರಿಂದ ಕುದಿಯುವ ಎಸರನ್ನು ಹೊಯ್ದು ಹಿಟ್ಟಿನ ಪಿಷ್ಟವನ್ನೇ ಅಂಟಾಗಿಸಬೇಕು. ಎಸರು ಸ್ವಲ್ಪ ಆರಿದರೂ ರೊಟ್ಟಿಯ ಅಂಚು ಬಿರಿಯುತ್ತದೆ. ಮೇಜಿನ ಮೇಲೆ ಉಣ್ಣೆಯ ಚಾದರವನ್ನು ಮಡಚಿ ಹಾಸಿ, ಅದರ ಮೇಲೆ ಹಲಗೆಯಿಟ್ಟು ರೊಟ್ಟಿ ಬಡಿದೆ, ಏಕೆಂದರೆ ರಾತ್ರಿ ಹತ್ತರ ನಂತರ ಅಲ್ಲಿ ಸದ್ದು ಮಾಡುವಂತಿಲ್ಲ, ಹಬ್ಬದ ರೊಟ್ಟಿಯನ್ನು ಹಿಂದಿನ ದಿನ ಬಡಿದಿಡದೆ ತೀರುವುದಿಲ್ಲ. ವಿದ್ಯುತ್ ಒಲೆಯಲ್ಲಿ ಉರಿ ಇಲ್ಲದ್ದರಿಂದ ತವೆಯ ಮೇಲೆಯೇ ಒದ್ದೆ ಬಟ್ಟೆಯಿಂದ ಅಂಚುಗಳನ್ನು ಒತ್ತುತ್ತ ಉಬ್ಬಿಸಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅವ್ವ ಖಡಕ್ ಮಾಡಿ ಕಟ್ಟಿಕೊಟ್ಟಿದ್ದಳು. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಹಿಟ್ಟು ಬೇಗ ಕಹಿಯಾಗುತ್ತದೆ, ಸುಟ್ಟು ಒಣಗಿಸಿದ ರೊಟ್ಟಿ ಬಾಳುತ್ತದೆ. ಶೇಂಗಾ ಹಿಂಡಿಯನ್ನೂ, ಅಂದರೆ ಚಟ್ನಿಪುಡಿಯನ್ನೂ, ಅವಳೇ ಕುಟ್ಟಿದ್ದಳು. ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲವಾದ್ದರಿಂದ ತುಪ್ಪವನ್ನು ಮಾತ್ರ ಅಲ್ಲಿಯ ಬೆಣ್ಣೆಯಿಂದ ಕಾಯಿಸಿದೆ.

ಅಂದು ಸುಡಾನಿನ ಗೆಳೆಯನೊಬ್ಬ ಜೋಳದ ರೊಟ್ಟಿಯನ್ನು ಮುರಿದು, ಬಾಯಿಗಿಡುವ ಮೊದಲು ಮೂಗಿನ ಹತ್ತಿರ ಹಿಡಿದು, ತಮ್ಮ ತಾಯಿ ಮಾಡುವ ಕಿಸ್ರಾ ಇದೇ ಕಾಳಿನದು ಎಂದ. ಕಿಸ್ರಾ ಎಂದರೆ ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾವಲಿಯ ಮೇಲೆ ತೆಳ್ಳಗೆ ಎಳೆಯುವ ರೊಟ್ಟಿ. ಮನುಷ್ಯ ಜೋಳವನ್ನು ಮೊದಲು ಬೇಸಾಯಕ್ಕೆ ಒಗ್ಗಿಸಿಕೊಂಡದ್ದು ಈಶಾನ್ಯ ಆಫ್ರಿಕದಲ್ಲಿ, ಅವನ ಸೀಮೆಯ ಕಡೆಯೇ. ಕಾಗಿಣಾ ದಂಡೆಯ ನಮ್ಮ ಎರೆಹೊಲದ ಬಿಳಿಜೋಳದ ಮೂಲವೂ ಅದೇ. ಆಮೇಲೆ ಅವನು ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತು ರೊಟ್ಟಿ ಒತ್ತಿದ, ನಾನು ಬೇಡವೆನ್ನಲಿಲ್ಲ.

ಇನ್ನು ಚರಗ, ಅಂದರೆ ಊಟಕ್ಕೆ ಮೊದಲು ಹೊಲಕ್ಕೆ ಚೆಲ್ಲುವ ನೈವೇದ್ಯ. ಹಿರಿಯರು ಹೆಚ್ಚು ಕೇಳುವುದು ಇದನ್ನೇ, ಕೇಳಬೇಕಾದ್ದೂ ಇದನ್ನೇ, ಏಕೆಂದರೆ ತುಂಬಿದ ಬಸುರಿಗೆ ಬಯಕೆಯ ಊಟ ಉಣಿಸಿದಂತೆ ತೆನೆ ಹೊತ್ತ ಭೂತಾಯಿಗೆ ಮೊದಲು ಉಣಿಸದೆ ನಾವು ಉಣ್ಣುವಂತಿಲ್ಲ. ಜರ್ಮನಿಯ ನಗರಗಳ ಅಂಚಿನಲ್ಲಿ ಮನೆಮಂದಿ ಬಾಡಿಗೆಗೆ ಪಡೆದು ತರಕಾರಿ ಬೆಳೆಯುವ ತುಂಡು ತೋಟಗಳಿರುತ್ತವೆ. ನನಗೆ ಗ್ರ್ಯೂನ್‌ಕೋಲ್ ಕೊಟ್ಟವರು ಸಹಪಾಠಿಯೊಬ್ಬಳ ಅಜ್ಜಿ. ಅವರದೇ ತೋಟದಲ್ಲಿ ಚರಗ ಚೆಲ್ಲಲು ಅಪ್ಪಣೆ ಕೇಳಿದೆ. ಅವರು ಏಕೆಂದು ವಿಚಾರಿಸಿ, ಕೇಳಿ ತಿಳಿದುಕೊಂಡು, ಇಲಿಗಳು ಬರುವುದರಿಂದ ಮೇಲೆ ಮಣ್ಣು ಮುಚ್ಚಬೇಕೆಂದರು. ರೊಟ್ಟಿ, ಭಜ್ಜಿ, ಅನ್ನ ಕಲಸಿ ಮಡಿಯ ನಾಲ್ಕೂ ಮೂಲೆಗೆ ಚೆಲ್ಲಿದೆವು. ಕೊನೆಯ ಹಿಡಿಯನ್ನು ಅಜ್ಜಿಯೇ ಚೆಲ್ಲಿದರು. ಕೈ ಮುಗಿದು ನೈವೇದ್ಯವನ್ನು ನೆಲಕ್ಕೆ ಮುಟ್ಟಿಸಿದ ಮೇಲೆ ಚರಗ ಚೆಲ್ಲಿದ್ದು ಯಾವ ದೇಶದಲ್ಲಿ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿಲ್ಲ, ಮಾವನಿಗೂ ನಾನು ಹೀಗೆಯೇ ಹೇಳುತ್ತೇನೆ.

ಹೊರಡುವ ಮಕ್ಕಳಿಗೆ ಹೇಳುವುದು ಇಷ್ಟು. ಡಿಸೆಂಬರ್ 25 ಮತ್ತು 26ರಂದು, ಎಲ್ಲ ಭಾನುವಾರಗಳಂದು ಅಲ್ಲಿ ಅಂಗಡಿ ಮುಚ್ಚಿರುತ್ತವೆ, ತೊಗರಿಕಾಳನ್ನು ಕ್ರಿಸ್‌ಮಸ್‌ಗೆ ಮೊದಲೇ ತಂದಿಡಿ. ತೋಟದವರ ಅಪ್ಪಣೆಯನ್ನು ಮುಂಚಿತವಾಗಿ ಕೇಳಿ. ಹೆಸರು ಹಿಡಿದು ಕೆಲವರನ್ನಷ್ಟೇ ಕರೆಯಬೇಡಿ, ಹಾಸ್ಟೆಲಿನ ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿ ಇರುವವರೆಲ್ಲ ಬನ್ನಿ ಎಂದು ಬರೆಯಿರಿ. ಭಜ್ಜಿಯನ್ನು ಧಾರಾಳವಾಗಿ ಮಾಡಿ, ಉಳಿದದ್ದು ಮರುದಿನ ಇನ್ನೂ ರುಚಿಯಾಗಿರುತ್ತದೆ.